ಹದಿನಾಲ್ಕನೇ ಕಾರ್ಡಿನ ಪಾಲು

ಗಾವಡಗೆರೆ ಹೋಬಳಿ, ಹುಣಸೂರು ತಾಲ್ಲೂಕು
12 ಡಿಸೆಂಬರ್ 2024

ಚಿ. ಪುಟ್ಟಿಗೆ (ಹಾಜರಿ ಪುಸ್ತಕದ ಪ್ರಕಾರ ಎನ್. ಸಂಘಮಿತ್ರಳಿಗೆ),

ನಿನ್ನ ಲೆಕ್ಕದ ಮೇಷ್ಟ್ರು ರುದ್ರಸ್ವಾಮಿ ಬರೆಯುತ್ತಿದ್ದೇನೆ. ಹೆದರಬೇಡ, ಹೋಂವರ್ಕ್ ಕೇಳುವುದಕ್ಕಲ್ಲ. ಅಂದರೆ, ಬರೀ ಅದಕ್ಕಲ್ಲ.

ಸೋಮವಾರ ನಿನ್ನ ಜಾಗ ಖಾಲಿ ಇತ್ತು. ನಿನ್ನ ಗೆಳತಿ ಪ್ರಿಯಾಳನ್ನು ಕೇಳಿದರೆ, "ಅವ್ರು ಕೊಡಗಿಗೋದ್ರು ಸಾ, ಕಾಫಿ ಕುಯ್ಯಕೆ. ಬ್ಯಾಸ್ಗೆ ಗಂಟ ಬರಕಿಲ್ವಂತೆ" ಅಂದಳು. ಏಳನೇ ಕ್ಲಾಸಿನ ಹುಡುಗಿ ಹೇಳದೆ ಕೇಳದೆ ಹೋದಳಲ್ಲ ಎಂದು ಮೊದಲು ಸಿಟ್ಟು ಬಂತು. ಆಮೇಲೆ ಯೋಚಿಸಿದೆ. ಬೆಳಗಿನ ಜಾವ ಮೇಸ್ತ್ರಿಯ ಜೀಪು ಬಂದು ಹಾರ್ನ್ ಹೊಡೆಯುತ್ತಿರುವಾಗ ಮೇಷ್ಟ್ರ ಮನೆ ಹುಡುಕಿಕೊಂಡು ಬಂದು ರಜಾ ಚೀಟಿ ಕೊಡುವುದಕ್ಕೆ ಯಾರಿಗೆ ಪುರುಸೊತ್ತು?

ನಿಮ್ಮಪ್ಪನಿಗೆ ಫೋನು ಮಾಡಿದೆ. "ಸರಿ ಸಾ, ಆಗ್ಲಿ ಸಾ" ಅಂದ. ನಾನು ಇನ್ನೂ ಏನೂ ಕೇಳಿಯೇ ಇರಲಿಲ್ಲ. ಅಷ್ಟರಲ್ಲಿ ಸಿಗ್ನಲ್ ಹೋಯಿತು, ಇಲ್ಲವೇ ನಿಂಗಯ್ಯನೇ ಅದನ್ನು ಹೋಗಗೊಟ್ಟ. ಅದಕ್ಕೇ ಮೇಸ್ತ್ರಿಯಿಂದ ತೋಟದ ವಿಳಾಸ ಇಸಿದುಕೊಂಡು ಈ ಕಾಗದ. ಕಾಗದವನ್ನು ಅರ್ಧಕ್ಕೆ ಕಟ್ ಮಾಡಲಾಗದು.

ಆಗಸ್ಟಿನಲ್ಲಿ ಶಾಂಭವಿ ಮೇಡಂ ನಮ್ಮ ಶಾಲೆಗೆ ಆ ಕಾರ್ಡುಗಳನ್ನು ತಂದುಕೊಟ್ಟಾಗ ನಾನು ಎಷ್ಟು ಗೊಣಗಿದೆ ಎಂದು ನಿನಗೆ ನೆನಪಿರಬೇಕು. ಆಯಮ್ಮ ಈ ಸುತ್ತಿನ ಶಾಲೆಗಳನ್ನೆಲ್ಲ ನೋಡಿಕೊಳ್ಳುವವರು. ಆದರೂ ನನ್ನ ಬಾಯಿಗೆ ಹಿಡಿತ ಇರಲಿಲ್ಲ. ಜೀವಮಾನವೆಲ್ಲ ಮಕ್ಕಳ ಮುಖ ನೋಡಿ ಅಳೆದವನಿಗೆ ಫೋನು ಹಿಡಿದು ಅಳೆಯಿರಿ ಅನ್ನುತ್ತೀರಲ್ಲ ಎಂದು ಕೇಳಿಬಿಟ್ಟೆ. ಒಬ್ಬೊಬ್ಬರಿಗೂ ಒಂದು ನಂಬರಿನ ಕಾರ್ಡು, ಅದರ ತುಂಬ ಕೆಟ್ಟ ರಂಗೋಲಿಯಂಥ ಕಪ್ಪು ಚೌಕ. ಉತ್ತರ ಎ ಆದರೆ ಎ ಬದಿ ಮೇಲೆ ಮಾಡಿ ಹಿಡಿ, ಬಿ ಆದರೆ ಬಿ ಬದಿ. ನಾನು ಫೋನನ್ನು ಈ ಗೋಡೆಯಿಂದ ಆ ಗೋಡೆಗೆ ತಿರುಗಿಸಿದರೆ ಯಾರು ಸರಿ, ಯಾರು ತಪ್ಪು ಎಂದು ಅದೇ ಹೇಳಿಬಿಡುತ್ತದೆ. ಒಬ್ಬರ ಕಾರ್ಡಿನ ಹಾಗೆ ಇನ್ನೊಬ್ಬರದಿಲ್ಲ, ಕದ್ದು ನೋಡಿ ಪ್ರಯೋಜನವಿಲ್ಲ. ಆ ದಿನ ನೋಡಿ ಬರೆಯುವ ಮಾದೇಶನ ಮುಖ ಹುಳಿ ಮಜ್ಜಿಗೆ ಕುಡಿದ ಹಾಗಾಗಿತ್ತು.

ಆದರೆ ಕೆಟ್ಟದ್ದು ನನ್ನ ಮುಖ. ಐದನೇ ಕ್ಲಾಸಿನಿಂದ ನೀನು ನನ್ನ ಎದುರಿಗೆ ಬಾಯಿ ಬಿಟ್ಟವಳಲ್ಲ. ಕೇಳಿದರೆ ನೆಲ ನೋಡುತ್ತಿದ್ದೆ. ಈ ಮಗುವಿಗೆ ಲೆಕ್ಕ ಹತ್ತುವುದಿಲ್ಲ ಎಂದು ನಾನು ಮನಸ್ಸಿನಲ್ಲೇ ಷರಾ ಬರೆದಾಗಿತ್ತು. ಮೊದಲ ಶನಿವಾರ ಫೋನು ಹೇಳಿತು: ಕಾರ್ಡು ಹದಿನಾಲ್ಕು, ಸರಿ. ಮುಂದಿನ ಪ್ರಶ್ನೆ, ಸರಿ. ಅದರ ಮುಂದಿನದೂ ಸರಿ. ಫೋನು ಕೆಟ್ಟಿದೆ ಎಂದು ಅದನ್ನು ಪಂಚೆಗೆ ಒರೆಸಿ ಮತ್ತೆ ನೋಡಿದೆ. ಭಿನ್ನರಾಶಿ ಒಂದು ಬಿಟ್ಟರೆ ನಿನಗೆ ಬಾರದ್ದು ಯಾವುದೂ ಇರಲಿಲ್ಲ.

ಒಂದು ಮಾತನ್ನು ನೇರವಾಗಿ ಹೇಳುತ್ತೇನೆ. ಏಳನೇ ಕ್ಲಾಸಿನ ನಡುವೆ ಕೊಡಗಿಗೆ ಹೋದ ಹೆಣ್ಣುಮಕ್ಕಳು ಎಂಟನೆಯದಕ್ಕೆ ಬಂದು ಕೂತದ್ದನ್ನು ನಾನು ಕಂಡದ್ದು ಕಮ್ಮಿ. ನೀನು ಬರಬೇಕು. ನನಗೆ ಭಯವಾಗುತ್ತಿದೆ, ಅದಕ್ಕೇ ಹೇಳುತ್ತಿದ್ದೇನೆ.

ಜೊತೆಗಿರುವ ಹಾಳೆಯಲ್ಲಿ ಈ ಶನಿವಾರದ ಪ್ರಶ್ನೆಗಳಿವೆ. ಅಂಚೆಚೀಟಿ ಹಚ್ಚಿದ ಲಕೋಟೆಯೂ ಇದೆ. ನಿನ್ನ ಪುಟ್ಟ ತಮ್ಮ ವೆಂಕಟೇಶನಿಗೆ ಅದನ್ನು ಹರಿಯಲು ಕೊಡಬೇಡ.

ನಿನ್ನ ದಾರಿ ನೋಡುವ,
ರುದ್ರಸ್ವಾಮಿ ಮೇಷ್ಟ್ರು


ಕೇರಾಫ್ ರೈಟರ್ ಕಂಠಪ್ಪ, ಕಾಫಿ ತೋಟ, ಕೊಡಗು
29 ಡಿಸೆಂಬರ್ 2024

ಪೂಜ್ಯ ಗುರುಗಳಿಗೆ ವಿದ್ಯಾರ್ಥಿನಿ ಪುಟ್ಟಿ ಮಾಡುವ ನಮಸ್ಕಾರಗಳು. ಪತ್ರ ಬರೆಯುವ ಪಾಠದಲ್ಲಿ ಹೀಗೆ ಶುರು ಮಾಡಬೇಕು ಅಂತ ಇದೆ.

ನಿಮ್ಮ ಕಾಗದ ಬಂದ ದಿನ ತೋಟದ ಲೆಕ್ಕ ಬರೆಯುವ ರೈಟರ್ ಮಾಮ ಕೂಲಿಯವರು ಇರುವ ಲೈನ್ ಮನೆಗೆ ಬಂದು, "ಇಲ್ಲಿ ಕುಮಾರಿ ಸಂಘಮಿತ್ರ ಅಂದ್ರೆ ಯಾರು" ಅಂತ ಕೂಗಿದರು. ಯಾರೂ ಇಲ್ಲ ಅಂತ ಅವ್ವ ಹೇಳಿ ಕಳಿಸುವುದರಲ್ಲಿದ್ದಳು. ನಾನು ಓಡಿಹೋಗಿ ಇಸಿದುಕೊಂಡೆ. ನನ್ನ ಹೆಸರಿಗೆ ಕಾಗದ ಬಂದದ್ದು ಇದೇ ಮೊದಲು.

ನಾವು ಚೆನ್ನಾಗಿದ್ದೇವೆ. ಇಲ್ಲಿ ಬೆಳಿಗ್ಗೆ ಬಹಳ ಚಳಿ. ನಮಗೆ ಒಂದು ಕೋಣೆ ಕೊಟ್ಟಿದ್ದಾರೆ. ನಡುವೆ ಅವ್ವನ ಸೀರೆ ಕಟ್ಟಿದ್ದೇವೆ. ಸೀರೆಯ ಆ ಕಡೆ ಪಿರಿಯಾಪಟ್ಟಣದ ಕಡೆಯವರು ಇದ್ದಾರೆ. ಅವರ ಮನೆಯ ರಾಚಮ್ಮಜ್ಜಿಗೆ ನಿದ್ದೆ ಬರುವುದಿಲ್ಲ, ಕತೆ ಹೇಳುತ್ತದೆ. ಸೀರೆ ಇದ್ದರೂ ಕೇಳಿಸುತ್ತದೆ. ಅಪ್ಪ ಅವ್ವ ಹಣ್ಣು ಬಿಡಿಸಲು ಹೋದಾಗ ನಾನು ವೆಂಕಟೇಶನನ್ನು ನೋಡಿಕೊಳ್ಳುತ್ತೇನೆ. ಅವನಿಗೆ ಹಲ್ಲು ಬರುತ್ತಿದೆ, ಎಲ್ಲವನ್ನೂ ಕಚ್ಚುತ್ತಾನೆ. ನಿಮ್ಮ ಲಕೋಟೆಯ ಮೂಲೆಯನ್ನೂ ಕಚ್ಚಿದ್ದಾನೆ. ಕ್ಷಮಿಸಿ.

ಪ್ರಶ್ನೆಗಳಿಗೆ ಉತ್ತರ ಬರೆದಿದ್ದೇನೆ. ಒಂದು ರೊಟ್ಟಿಯ ಮೂರನೇ ಒಂದು ಪಾಲು ದೊಡ್ಡದೋ ನಾಲ್ಕನೇ ಒಂದು ಪಾಲು ದೊಡ್ಡದೋ ಎಂಬ ಪ್ರಶ್ನೆಗೆ ನಾಲ್ಕನೇ ಒಂದು ಅಂತ ಬರೆದಿದ್ದೇನೆ, ಯಾಕೆಂದರೆ ನಾಲ್ಕು ದೊಡ್ಡದು. ಇದು ತಪ್ಪು ಅಂತ ನನಗೆ ಗೊತ್ತು, ನೀವು ತುಂಬ ಸಲ ತಪ್ಪು ಹಾಕಿದ್ದೀರಿ. ಆದರೆ ಯಾಕೆ ತಪ್ಪು ಅಂತ ಗೊತ್ತಿಲ್ಲ. ತಿಳಿಯದೆ ಸರಿ ಉತ್ತರ ಬರೆದರೆ ಮೋಸ ಆಗುತ್ತದೆ ಅಂತ ತಪ್ಪನ್ನೇ ಬರೆದೆ.

ನಾನು ಕ್ಲಾಸಿನಲ್ಲಿ ಮಾತಾಡುತ್ತಿರಲಿಲ್ಲ ಅಂತ ಬರೆದಿದ್ದೀರಿ. ಬಾಯಿ ಬಿಟ್ಟರೆ ಎಲ್ಲರೂ ತಿರುಗಿ ನೋಡುತ್ತಾರೆ ಸಾರ್. ಕಾರ್ಡು ಎತ್ತಿದರೆ ಯಾರೂ ನೋಡುವುದಿಲ್ಲ.

ನನ್ನ ಕಾರ್ಡನ್ನು ಬೇರೆಯವರಿಗೆ ಕೊಟ್ಟುಬಿಟ್ಟಿರಾ?

ಇಂತಿ ತಮ್ಮ ವಿಧೇಯ,
ಪುಟ್ಟಿ (ಎನ್. ಸಂಘಮಿತ್ರ)


ಗಾವಡಗೆರೆ ಹೋಬಳಿ
19 ಜನವರಿ 2025

ಚಿ. ಪುಟ್ಟಿಗೆ,

ನಿನ್ನ ಕಾರ್ಡನ್ನು ಯಾರಿಗೂ ಕೊಟ್ಟಿಲ್ಲ. ಅದಕ್ಕಿಂತ ಭಾರೀ ಸಂಗತಿ ನಡೆದಿದೆ. ಕೂತು ಓದು.

ಸಂಕ್ರಾಂತಿ ಕಳೆದ ಮೇಲೆ ಶಾಂಭವಿ ಮೇಡಂ ಬಂದರು. ನಮ್ಮ ಹೆಡ್‌ಮಾಸ್ಟರ್ ಕಾಂತರಾಜ್ ಇಸ್ತ್ರಿ ಅಂಗಿ ಹಾಕಿಕೊಂಡು ಕೂತಿದ್ದರು, ಯಾಕೆಂದರೆ ಹೊಗಳಿಕೆ ಬರುವ ಸುಳಿವಿತ್ತು. ನಮ್ಮ ಏಳನೇ ಕ್ಲಾಸಿನಲ್ಲಿ ಪ್ರತಿ ಶನಿವಾರ ಒಂದು ಕಾರ್ಡೂ ಬಿಡದೆ ಎಲ್ಲವೂ ಉತ್ತರ ಕೊಟ್ಟಿವೆಯಂತೆ, ತಾಲ್ಲೂಕಿನಲ್ಲೇ ಹೀಗೆ ಇನ್ನೊಂದು ಕ್ಲಾಸಿಲ್ಲವಂತೆ. ನಾನೂ ಸ್ವಲ್ಪ ಉಬ್ಬಿದೆ ಅನ್ನು. ಆ ಫೋನಿನಲ್ಲಿ ಹೆಸರುಗಳು ಸಾಸಿವೆ ಕಾಳಿನಷ್ಟಿರುತ್ತವೆ, ನನ್ನ ಕಣ್ಣಿಗೆ ಹತ್ತುವುದು ಕೊನೆಯಲ್ಲಿ ಬರುವ ದಪ್ಪ ಶೇಕಡಾ ಒಂದೇ.

ಆಮೇಲೆ ಮೇಡಂ ಅಂದರು: "ಸರ್, ಈ ಸಂಘಮಿತ್ರ ಅನ್ನೋ ಹುಡುಗೀನ ಸ್ವಲ್ಪ ಕರೀರಿ. ಎಲ್ಲಾ ಸರಿ ಮಾಡ್ತಾಳೆ, ಭಿನ್ನರಾಶಿ ಮಾತ್ರ ಪ್ರತಿ ವಾರ ತಪ್ಪು. ನಾನೇ ಕೂತು ಹೇಳಿಕೊಡ್ತೀನಿ."

"ಅವಳು ಕೊಡಗಿನಲ್ಲಿದ್ದಾಳೆ ಮೇಡಂ" ಅಂದೆ.

"ಕೊಡಗಿನಿಂದ ಕಾರ್ಡು ಎತ್ತುತ್ತಾಳಾ ಸರ್?"

ಕಾಂತರಾಜರ ಇಸ್ತ್ರಿ ಅಲ್ಲೇ ಮುದುಡಿತು. ನಾನು ಕ್ಲಾಸಿಗೆ ಹೋಗಿ ಬಾಗಿಲು ಹಾಕಿದೆ. ಯಾರು ಅಂತ ಕೇಳಿದೆ. ಎಲ್ಲರೂ ಬೆಂಚಿನ ಕೆಳಗೆ ಏನೋ ಹುಡುಕತೊಡಗಿದರು. ಕೊನೆಗೆ ನಿನ್ನ ಪ್ರಿಯಾ ಎದ್ದು ನಿಂತಳು. ಒಂದು ಕೈಯಲ್ಲಿ ತನ್ನದು, ಇನ್ನೊಂದು ಕೈಯಲ್ಲಿ ನಿನ್ನದು, ಅಷ್ಟೂ ವಾರ ಎರಡೂ ಎತ್ತಿದ್ದಾಳೆ. ಮೋಸ ಅಲ್ಲವೇನೇ ಅಂತ ಗದರಿದೆ. ಅವಳಿಗೆ ಅಳು ಬರುವ ಬದಲು ಆಶ್ಚರ್ಯ ಬಂತು.

"ಮೋಸ ಎಂಗಾಯ್ತದೆ ಸಾ? ಅದು ಅವ್ಳ ಪಾಲು. ನಮ್ಮಟ್ಟೀಲಿ ಗುಡ್ಡೆ ಬಾಡು ಆಕ್ತರಲ್ಲ, ಊರಲ್ಲಿ ಇಲ್ದೆ ಇರೋರ ಗುಡ್ಡೇನೂ ಆಕ್ಬೇಕು. ಇಲ್ಲ ಅಂತ ಬುಟ್ಬುಟ್ರೆ ಊರೇ ಉಗೀತದೆ."

ನಾನು ಸೊಪ್ಪುಸಾರಿನವನು. ಗುಡ್ಡೆ ಬಾಡನ್ನು ಕೇಳಿ ಬಲ್ಲೆ, ಕಂಡು ಬಲ್ಲವನಲ್ಲ. ಕ್ಲಾಸೆಲ್ಲ ಸೇರಿ ನನಗೆ ಪಾಠ ಮಾಡಿತು. ಹತ್ತಾರು ಮನೆಯವರು ಸೇರಿ ಒಂದು ಕುರಿ ತಂದು ಕೊಯ್ಯುತ್ತಾರೆ. ಎಲೆಗಳ ಮೇಲೆ ಸಮಸಮವಾಗಿ ಗುಡ್ಡೆ ಹಾಕುತ್ತಾರೆ. ಸೇರಿದವನು ಹೊಲದಲ್ಲಿರಲಿ, ಜೈಲಿನಲ್ಲಿರಲಿ, ಅವನ ಗುಡ್ಡೆ ಇರಲೇಬೇಕು, ಅದನ್ನು ಬೇರೆಯವರು ಮುಟ್ಟುವ ಹಾಗಿಲ್ಲ. ನೀನು ಹೋದ ಮೊದಲ ಶನಿವಾರ ಇವರೇ ಕಾರ್ಡು ಹಂಚಿಕೊಳ್ಳುವಾಗ ನಿನ್ನದು ಕಟ್ಟಿನಲ್ಲೇ ಉಳಿದದ್ದು ಇವರಿಗೆ ತಡೆಯಲಾಗಲಿಲ್ಲವಂತೆ.

"ಸರಿ, ಹಾಗಾದರೆ ಭಿನ್ನರಾಶಿಯನ್ನು ಯಾಕೆ ತಪ್ಪು ಎತ್ತಿದಿರಿ? ಪ್ರಿಯಾ, ನಿನ್ನದು ಸರಿ ಇದೆಯಲ್ಲ?"

ಇದಕ್ಕೆ ಮಾದೇಶ ಉತ್ತರ ಕೊಟ್ಟ. "ಅವ್ಳು ಅದುನ್ನ ತಪ್ಪೇ ಮಾಡದು ಸಾ. ಸರಿ ಎತ್ತುದ್ರೆ ಅದು ಪುಟ್ಟೀದಾಯ್ತದ?"

ಪ್ರತಿ ಪ್ರಶ್ನೆಗೂ ಬೆಂಚಿನ ಕೆಳಗೆ ತಲೆ ಬಗ್ಗಿಸಿ ಸಭೆ ನಡೆಸುತ್ತಿದ್ದರಂತೆ, ಪುಟ್ಟಿ ಇದ್ದಿದ್ದರೆ ಏನು ಹೇಳುತ್ತಿದ್ದಳು ಎಂದು. ಮನೆಗೆ ಬಂದು ನೀನು ಕಳಿಸಿದ ಉತ್ತರಗಳನ್ನು ಅವರು ಆ ವಾರ ಎತ್ತಿದ್ದರ ಪಕ್ಕ ಇಟ್ಟು ನೋಡಿದೆ. ಒಂದೂ ವ್ಯತ್ಯಾಸವಿಲ್ಲ ಪುಟ್ಟಿ. ನಿನ್ನ ತಪ್ಪೂ ಅದೇ ತಪ್ಪು. ನನಗೆ ನಗು ಬಂತು.

ಶಾಂಭವಿ ಮೇಡಂ ಇನ್ನೂ ಏನೂ ಬರೆದುಕೊಂಡಿಲ್ಲ. ಯೋಚನೆ ಮಾಡಿ ಹೇಳಿ ಸರ್ ಎಂದು ಹೋಗಿದ್ದಾರೆ.

ಆಶೀರ್ವಾದಗಳೊಂದಿಗೆ,
ರುದ್ರಸ್ವಾಮಿ ಮೇಷ್ಟ್ರು


ಕಾಫಿ ತೋಟ, ಕೊಡಗು
2 ಫೆಬ್ರವರಿ 2025

ಗುರುಗಳಿಗೆ ನಮಸ್ಕಾರ.

ನಿಮ್ಮ ಕಾಗದವನ್ನು ತುಂಬ ಸಲ ಓದಿದೆ. ಮಾದೇಶ ಹೇಳಿದ್ದನ್ನು ಓದಿ ಒಬ್ಬಳೇ ನಕ್ಕೆ. ರಾಚಮ್ಮಜ್ಜಿ ಸೀರೆ ಸರಿಸಿ, ಏನಾಯ್ತು ಮಗ ಅಂತ ಕೇಳಿತು. ನಾನು ಊರಿನಲ್ಲಿ ಇಲ್ಲದಿದ್ದರೂ ಪ್ರತಿ ಶನಿವಾರ ಕ್ಲಾಸಿನಲ್ಲಿ ಇದ್ದೆ ಅಂತ ಹೇಳಿದೆ. ಅಜ್ಜಿಗೆ ಅರ್ಥ ಆಗಲಿಲ್ಲ.

ಪ್ರಿಯಾಗೆ ಹೊಡೆಯಬೇಡಿ ಸಾರ್. ನೀವು ಹೊಡೆಯುವುದಿಲ್ಲ ಅಂತ ಗೊತ್ತು. ಆದರೂ ಹೇಳಿದೆ.

ಈ ಸಲ ಪ್ರಶ್ನೆಗಳ ಹಾಳೆಯಲ್ಲಿ ಅರ್ಧಕ್ಕೆ ಮಾತ್ರ ಉತ್ತರ ಬರೆದಿದ್ದೇನೆ. ವೆಂಕಟೇಶನಿಗೆ ಜ್ವರ ಬಂದಿತ್ತು. ಮತ್ತೆ ಇನ್ನೊಂದು ಮನೆಯವರು ನಮ್ಮ ಕೋಣೆಗೆ ಬಂದಿದ್ದಾರೆ. ಈಗ ಎರಡು ಸೀರೆ ಕಟ್ಟಿದ್ದೇವೆ. ಮೊದಲು ಕಾಲು ಚಾಚಿ ಬರೆಯುತ್ತಿದ್ದೆ, ಈಗ ಮಡಿಸಿಕೊಂಡು ಬರೆಯಬೇಕು.

ಇನ್ನೊಂದು ವಿಷಯ ಹೇಳಬೇಕು. ನಿನ್ನೆ ಅಪ್ಪ ಅವ್ವ ಮಾತಾಡುತ್ತಿದ್ದರು. ಅಪ್ಪ ಹೇಳಿದ್ದನ್ನು ಹೇಳಿದ ಹಾಗೆಯೇ ಬರೆಯುತ್ತೇನೆ. "ಮೆಣಸು ಕುಯ್ದ್ ಮ್ಯಾಲೂ ಇಲ್ಲೇ ಇರಿ, ವರ್ಷಪೂರ್ತಿ ಕೆಲ್ಸ ಕೊಡ್ತೀವಿ ಅಂದವ್ರೆ. ಪುಟ್ಟಿ ಮಗೀನ ನೋಡ್ಕತಳೆ. ಎಂಟನೇ ಕ್ಲಾಸು ಅಂದ್ರೆ ಗಾವಡಗೆರೆಗೋಗ್ಬೇಕು, ದಿನಾ ಅದ್ಯಾರ್ ಕಳಿಸಿ ಕರಕಬಂದಾರು? ಓದಿದ್ದು ಸಾಕು ಬುಡು."

ಅವ್ವ ವೆಂಕಟೇಶನ ಹೊದಿಕೆ ಸರಿಮಾಡಿದಳು. ನನಗೆ ಬಾಯಿ ಬರಲಿಲ್ಲ. ಇಲ್ಲಿ ಎತ್ತುವುದಕ್ಕೆ ಕಾರ್ಡು ಇಲ್ಲ ಸಾರ್.

ನನ್ನ ಕಾರ್ಡನ್ನು ತೆಗೆದುಬಿಡಬೇಡಿ. ಅದೊಂದಾದರೂ ಅಲ್ಲಿರಲಿ.

ಇಂತಿ,
ಪುಟ್ಟಿ


ಗಾವಡಗೆರೆ ಹೋಬಳಿ
11 ಫೆಬ್ರವರಿ 2025

ಪುಟ್ಟಿ ಮಗಳೇ,

ನಿನಗೆ ಬೇಸರವಾಗುವ ಕೆಲಸವೊಂದನ್ನು ಮಾಡಿದ್ದೇನೆ. ಮೊದಲು ಅದನ್ನೇ ಹೇಳಿಬಿಡುತ್ತೇನೆ. ನಿನ್ನ ಕಾರ್ಡನ್ನು ಪ್ರಿಯಾಳ ಕೈಯಿಂದ ಇಸಿದುಕೊಂಡೆ. ಹದಿನಾಲ್ಕನೇ ನಂಬರಿನ ಎದುರಿಗೆ ಗೈರುಹಾಜರಿ ಎಂದು ಒತ್ತಿದೆ. ಹಿಂದಿನ ವಾರಗಳದ್ದನ್ನೂ ತಿದ್ದಿಸಿದೆ.

ಯಾಕೆ ಅಂತ ಹೇಳುತ್ತೇನೆ, ಪೂರ್ತಿ ಕೇಳು. ಆ ಫೋನಿನ ಪ್ರಕಾರ ನೀನು ನನ್ನ ಮೂರನೇ ಬೆಂಚಿನಲ್ಲಿ ಕೂತು ಚೆನ್ನಾಗಿ ಓದುತ್ತಿದ್ದೀಯ. ಚೆನ್ನಾಗಿ ಓದುತ್ತಿರುವ ಹುಡುಗಿಯನ್ನು ಯಾರು ಹುಡುಕಿಕೊಂಡು ಹೋಗುತ್ತಾರೆ? ನಿನ್ನ ಜೊತೆಯವರು ಅಕ್ಕರೆಯಿಂದ ನಿನ್ನ ಪಾಲು ಎತ್ತಿಟ್ಟರು. ಆ ಪಾಲು ಕಣ್ಣಿಗೆ ಅಡ್ಡ ನಿಂತು, ನೀನು ಇಲ್ಲಿಲ್ಲ ಅನ್ನುವುದೇ ಮೇಲಿನವರಿಗೆ ಕಾಣದೆ ಹೋಯಿತು. ತಿಳಿಯದೆ ಸರಿ ಉತ್ತರ ಬರೆದರೆ ಮೋಸ ಎಂದು ನೀನೇ ಬರೆದಿದ್ದೆ. ಆ ಸಾಲನ್ನು ಕ್ಲಾಸಿನಲ್ಲಿ ಓದಿದೆ.

ಸುಲಭವಾಗಿ ಒಪ್ಪಿದರು ಅಂದುಕೊಳ್ಳಬೇಡ. "ಪಾಲು ಕಿತ್ಕಬುಟ್ರಿ ಸಾ" ಎಂದು ಪ್ರಿಯಾ ನನ್ನ ಜೊತೆ ಎರಡು ದಿನ ಮಾತು ಬಿಟ್ಟಳು. ಕಾಂತರಾಜರು ನಾಲ್ಕು ದಿನ ಬಿಟ್ಟರು. "ರುದ್ರಸ್ವಾಮಿಗಳೇ, ತಾನಾಗಿ ಬಂದ ಒಳ್ಳೆಯ ಹೆಸರನ್ನು ಯಾರಾದರೂ ಕಾಲಿನಿಂದ ಒದೀತಾರೇನ್ರೀ" ಎಂದು ಕೇಳಿದರು. ಕಳ್ಳ ಹೆಸರನ್ನು ಒದ್ದರೆ ಕಾಲಿಗೆ ನೋವಾಗುವುದಿಲ್ಲ ಸಾರ್ ಅಂದೆ. ಇನ್ನೂ ಸ್ವಲ್ಪ ನೋಯುತ್ತಿದೆ, ಅದು ಬೇರೆ ಮಾತು.

ಶಾಂಭವಿ ಮೇಡಂ ಮಾತ್ರ ಅವತ್ತೇ ಕೊಡಗಿನ ಕಡೆ ಇಂಥದ್ದೇ ಕೆಲಸದಲ್ಲಿರುವವರಿಗೆ ಫೋನು ಮಾಡಿದರು. ನಿಮ್ಮ ತೋಟದಿಂದ ನಡೆದು ಹೋಗುವಷ್ಟು ದೂರದಲ್ಲಿ ಒಂದು ಸರ್ಕಾರಿ ಶಾಲೆ ಇದೆಯಂತೆ. ಅಲ್ಲಿಯ ಟೀಚರ್ ಒಬ್ಬರು ನಿಮ್ಮ ಲೈನಿಗೆ ಬರುತ್ತಾರೆ. ಕುಯ್ಲು ಮುಗಿಯುವ ತನಕ ಅಲ್ಲಿ ಹೋಗಿ ಕೂರು. ಆಮೇಲೆ ಇಲ್ಲಿಗೆ ಬಾ.

ಕೆಳಗಿನ ನಾಲ್ಕು ಸಾಲು ನಿಮ್ಮಪ್ಪನಿಗೆ. ಗಟ್ಟಿಯಾಗಿ ಓದಿ ಹೇಳು. ಬಾಯಿ ಬರುವುದಿಲ್ಲ ಅನ್ನಬೇಡ, ಮಾತು ನನ್ನದು, ಬಾಯಿ ಮಾತ್ರ ನಿನ್ನದು.

ನಿಂಗಯ್ಯ, ನಾನು ಬಾಡು ತಿನ್ನುವವನಲ್ಲ. ಆದರೂ ಗುಡ್ಡೆಯ ನ್ಯಾಯ ಈಗ ನನಗೆ ಗೊತ್ತಾಗಿದೆ, ನಿನ್ನೂರಿನ ಮಕ್ಕಳೇ ಹೇಳಿಕೊಟ್ಟರು. ಸೇರಿದವರ ಗುಡ್ಡೆಯನ್ನು, ಅವರು ಎದುರಿಗೆ ಇಲ್ಲ ಎಂದು, ಯಾರೂ ಮುಟ್ಟಬಾರದು. ನಿನ್ನ ಮಗಳ ಗುಡ್ಡೆ ನನ್ನ ಕ್ಲಾಸಿನಲ್ಲಿದೆ. ಎಂಟನೇ ಕ್ಲಾಸು, ಒಂಬತ್ತು, ಹತ್ತು, ಎಲ್ಲ ಅದರಲ್ಲಿ ಸೇರಿದೆ. ಅದನ್ನು ನಾನು ಮುಟ್ಟುವುದಿಲ್ಲ. ನೀನೂ ಮುಟ್ಟಬೇಡ.

ನಿನ್ನ ಮೇಲೆ ಅಕ್ಕರೆಯುಳ್ಳ,
ರುದ್ರಸ್ವಾಮಿ ಮೇಷ್ಟ್ರು


ಕಾಫಿ ತೋಟ, ಕೊಡಗು
9 ಮಾರ್ಚ್ 2025

ಗುರುಗಳಿಗೆ ನಮಸ್ಕಾರ.

ಕಾರ್ಡು ತೆಗೆದಿರಿ ಅಂತ ಓದಿದಾಗ ಅಳು ಬಂತು. ಕಾಗದವನ್ನು ಮಡಿಸಿ ಇಟ್ಟುಬಿಟ್ಟೆ. ಮಾರನೇ ದಿನ ಮತ್ತೆ ಓದಿದೆ. ಆಮೇಲೆ ಅಪ್ಪನ ಸಾಲುಗಳನ್ನು ಓದಬೇಕಲ್ಲ ಅಂತ ಭಯ ಆಯಿತು. ಉಂಡ ಮೇಲೆ ಓದಿದೆ. ಗಟ್ಟಿಯಾಗಿ ಅಂತ ನೀವು ಬರೆದಿದ್ದಿರಿ, ಅದಕ್ಕೆ ಗಟ್ಟಿಯಾಗಿಯೇ ಓದಿದೆ. ಕೋಣೆಯಲ್ಲಿ ಬರೀ ಸೀರೆ ಇರುವುದು, ಎಲ್ಲ ಮನೆಯವರಿಗೂ ಕೇಳಿಸಿತು.

ಅಪ್ಪ ತಲೆ ಬಗ್ಗಿಸಿ ಕೂತಿತ್ತು. ಆಗ ಸೀರೆಯ ಆ ಕಡೆಯಿಂದ ರಾಚಮ್ಮಜ್ಜಿ ಹೇಳಿತು: "ಲೋ ನಿಂಗ, ಮೇಷ್ಟ್ರು ಬರ್ದಿರದು ನ್ಯಾಯ್ವಾಗದೆ. ಮಗೀನ ಗುಡ್ಡೆಗೆ ಕೈ ಆಕ್ಬ್ಯಾಡ ಕಣ್ಲಾ. ನಿನ್ ಕೂಸ ನಾನು ನೋಡ್ಕತೀನಿ, ನನ್ಗೇನು ಹಗಲೊತ್ನಲ್ಲಿ ಕಡ್ದು ಕಟ್ಟೆ ಆಕ ಕೆಲ್ಸ ಅದಾ?"

ಅಪ್ಪ ಎದ್ದು ಹೊರಗೆ ಹೋಯಿತು. ಬಹಳ ಹೊತ್ತು ಬೀಡಿ ವಾಸನೆ ಬರುತ್ತಿತ್ತು. ಬೆಳಿಗ್ಗೆ ಎದ್ದು, "ನಿನ್ ಚೀಲ ಎಲ್ಲದೆ?" ಅಂತ ಕೇಳಿತು. ಚೀಲದಲ್ಲಿ ವೆಂಕಟೇಶನ ಬಟ್ಟೆ ತುಂಬಿದ್ದೆವು. ಅವ್ವ ಅದನ್ನೆಲ್ಲ ಸುರಿದು ಚೀಲ ಕೊಟ್ಟಳು.

ಈಗ ಇಲ್ಲಿಯ ಶಾಲೆಗೆ ಹೋಗುತ್ತಿದ್ದೇನೆ. ಟೀಚರ್ ಒಳ್ಳೆಯವರು, ಮೆಲ್ಲಗೆ ಮಾತಾಡುತ್ತಾರೆ. ಮಕ್ಕಳು ಕೊಡವ ಭಾಷೆ, ಮಲಯಾಳ, ಇನ್ನೂ ಏನೇನೋ ಮಾತಾಡುತ್ತಾರೆ. ಇಲ್ಲಿ ಕಾರ್ಡು ಇಲ್ಲ. ಟೀಚರ್ ಕೇಳಿದರೆ ಬಾಯಿಯಲ್ಲೇ ಹೇಳಬೇಕು. ಮೊದಲ ವಾರ ನೆಲ ನೋಡಿದೆ. ಆಮೇಲೆ ಒಂದು ಸಲ ಹೇಳಿದೆ. ಎಲ್ಲರೂ ತಿರುಗಿ ನೋಡಿದರು. ನೋಡಿ ಸುಮ್ಮನಾದರು.

ಸಾರ್, ಭಿನ್ನರಾಶಿ ನನಗೆ ಬಂತು. ನಿಮ್ಮ ರೊಟ್ಟಿಯಿಂದ ಅಲ್ಲ. ಹೋದ ವಾರ ನಮ್ಮ ಕೋಣೆಗೆ ನಾಲ್ಕನೇ ಮನೆಯವರು ಬಂದರು. ಸೀರೆಗಳನ್ನು ಬಿಚ್ಚಿ ಮತ್ತೆ ಕಟ್ಟಿದೆವು. ಮೂರು ಮನೆ ಇದ್ದಾಗ ನಮ್ಮ ಜಾಗದಲ್ಲಿ ಒಲೆಯ ಪಕ್ಕ ನಾನು ಮಲಗಬಹುದಿತ್ತು. ಈಗ ಆಗುವುದಿಲ್ಲ, ಅವ್ವನ ಕಾಲ ಹತ್ತಿರ ಮಲಗುತ್ತೇನೆ. ಕೋಣೆ ಅಷ್ಟೇ ಇದೆ. ಮನೆ ಹೆಚ್ಚಾದರೆ ಪಾಲು ಚಿಕ್ಕದಾಗುತ್ತದೆ. ಮೂರನೇ ಒಂದೇ ದೊಡ್ಡದು ಸಾರ್. ಯಾಕೆ ಅಂತ ಈಗ ಗೊತ್ತು.

ಊರಿಗೆ ಬರುವ ವಿಷಯ ಅಪ್ಪ ಇನ್ನೂ ಏನೂ ಹೇಳಿಲ್ಲ. "ಉಗಾದಿ ಬರ್ಲಿ, ನೋಡಾನ" ಅನ್ನುತ್ತದೆ.

ಇಂತಿ ತಮ್ಮ,
ಪುಟ್ಟಿ


ಗಾವಡಗೆರೆ ಹೋಬಳಿ
18 ಮಾರ್ಚ್ 2025

ಪುಟ್ಟಿ,

ನಿನ್ನ ಉತ್ತರಕ್ಕೆ ಸರಿ ಗುರುತು ಹಾಕಲು ಕೆಂಪು ಪೆನ್ನು ತೆಗೆದೆ. ಹಾಕಲಾಗಲಿಲ್ಲ. ಎಷ್ಟು ವರ್ಷದಿಂದ ರೊಟ್ಟಿ ಬರೆದು ಭಿನ್ನರಾಶಿ ಹೇಳಿಕೊಟ್ಟಿದ್ದೇನೆ, ಇಷ್ಟು ಇಕ್ಕಟ್ಟಾದ ಪಾಠವನ್ನು ನಾನು ಯಾರಿಗೂ ಮಾಡಿಲ್ಲ. ಉತ್ತರ ಸರಿ ಮಗಳೇ. ಕೋಣೆ ತಪ್ಪು.

ಕ್ಲಾಸಿನಲ್ಲಿ ಹೇಳಿದೆ. ಪ್ರಿಯಾ ನಂಬಲಿಲ್ಲ. "ಅವ್ಳು ತಪ್ಪೇ ಮಾಡದಲ್ವ ಸಾ" ಎಂದು ಮತ್ತೆ ಮತ್ತೆ ಕೇಳಿದಳು. ಆಮೇಲೆ ಸಪ್ಪಗಾದಳು. ಇವರು ಡಿಸೆಂಬರಿನ ಪುಟ್ಟಿಯನ್ನು ಜೋಪಾನ ಮಾಡಿ ಇಟ್ಟುಕೊಂಡಿದ್ದರು, ನೀನು ಅಲ್ಲಿ ಬೇರೆಯವಳಾಗುತ್ತಿದ್ದೆ. ಎತ್ತಿಟ್ಟ ಊಟ ಎಷ್ಟೇ ಪ್ರೀತಿಯಿಂದ ಎತ್ತಿಟ್ಟರೂ ತಂಗಳಾಗುತ್ತದೆ ಕಣಮ್ಮ. ಅದಕ್ಕೇ ಉಣ್ಣುವವರೇ ಬರಬೇಕು.

ಕಾರ್ಡನ್ನು ನನ್ನ ಮೇಜಿನ ಖಾನೆಯಲ್ಲಿ ಇಟ್ಟಿದ್ದೇನೆ. ಬೇಸಿಗೆ ರಜೆಗೆ ಶಾಲೆ ಮುಚ್ಚುವ ಮೊದಲು ಬಂದು ತೆಗೆದುಕೋ. ಬರುವಾಗ ರಾಚಮ್ಮನವರಿಗೆ ನನ್ನ ನಮಸ್ಕಾರ ತಿಳಿಸು.

ರುದ್ರಸ್ವಾಮಿ ಮೇಷ್ಟ್ರು


ಶಾಲೆ
5 ಏಪ್ರಿಲ್ 2025, ಶನಿವಾರ

ಚಿ. ಪುಟ್ಟಿಗೆ,

ಇದಕ್ಕೆ ಅಂಚೆಚೀಟಿ ಬೇಡ. ನೀನು ಮೂರನೇ ಬೆಂಚಿನಲ್ಲಿ ಕೂತು ಪ್ರಿಯಾಳ ಜೊತೆ ಪಿಸುಗುಟ್ಟುತ್ತಿದ್ದೀಯ. ನಾನು ಮೇಜಿನ ಮೇಲೆ ಏನೋ ರಿಪೋರ್ಟು ಬರೆಯುವವನ ಹಾಗೆ ಇದನ್ನು ಬರೆಯುತ್ತಿದ್ದೇನೆ. ಗಂಟೆ ಹೊಡೆದ ಮೇಲೆ ನಿನ್ನ ಕೈಗೆ ಕೊಡುತ್ತೇನೆ. ಕಾಗದದಲ್ಲಿ ಹೇಳಿ ಅಭ್ಯಾಸವಾಗಿಬಿಟ್ಟಿದೆ, ಎದುರಿಗೆ ಹೇಳಲು ನನಗೂ ಈಗ ಬಾಯಿ ಬರುವುದಿಲ್ಲ.

ಹಬ್ಬ ಕಳೆದ ಮೇಲೆ ಬುಧವಾರ ಬೆಳಿಗ್ಗೆ ಶಾಲೆಯ ಗೇಟಿನ ಹತ್ತಿರ ನಿಂಗಯ್ಯ ನಿಂತಿದ್ದ. ನೀನು ಅವನ ಹಿಂದೆ ಚೀಲ ಹಾಕಿಕೊಂಡು ನಿಂತಿದ್ದೆ. ಒಳಗೆ ಬಾರಯ್ಯ ಅಂದರೆ ಬರಲಿಲ್ಲ. ನಿಮ್ಮವ್ವನನ್ನೂ ಕೂಸನ್ನೂ ಊರಿನಲ್ಲೇ ಬಿಟ್ಟು, ಮೆಣಸಿನ ಕೆಲಸಕ್ಕೆ ತಾನೊಬ್ಬನೇ ವಾಪಸು ಹೊರಟಿದ್ದ. ನಿನ್ನನ್ನು ಒಳಗೆ ಕಳಿಸಿದ ಮೇಲೆ ಅವನು ಹೇಳಿದ ಮಾತು ನಿನಗೆ ಗೊತ್ತಿಲ್ಲ. ಗೇಟಿನ ಕಂಬಿ ಹಿಡಿದುಕೊಂಡು, "ನಾ ಮುಟ್ನಿಲ್ಲ ಸಾ" ಅಂದ. ಅಷ್ಟೇ. ಸ್ವಲ್ಪ ದೂರ ಹೋದವನು ತಿರುಗಿ ಬಂದು, ಗಾವಡಗೆರೆಗೆ ಹೈಸ್ಕೂಲು ಮಕ್ಕಳು ಹೋಗುವ ಬಸ್ಸು ಎಷ್ಟು ಹೊತ್ತಿಗೆ ಅಂತ ಕೇಳಿಕೊಂಡು ಹೋದ.

ಇವತ್ತಿನ ವಿಷಯಕ್ಕೆ ಬರುತ್ತೇನೆ. ಕಾರ್ಡಿನ ಕಟ್ಟು ಕೊಟ್ಟೆ, ಎಂದಿನಂತೆ ಅವರೇ ಹಂಚಿಕೊಂಡರು. ಭಿನ್ನರಾಶಿಯ ಪ್ರಶ್ನೆಯನ್ನೇ ಬೋರ್ಡಿನ ಮೇಲೆ ಬರೆದೆ. ಇಡೀ ಕ್ಲಾಸು ಬೋರ್ಡು ಬಿಟ್ಟು ನಿನ್ನನ್ನು ನೋಡುತ್ತಿತ್ತು. ನೀನು ಎತ್ತಿದೆ. ಫೋನು ತಿರುಗಿಸಿದೆ. ಈ ಸಲ ಹೊಸ ಕನ್ನಡಕ ಹಾಕಿಕೊಂಡು ಒಂದೊಂದು ಹೆಸರನ್ನೂ ಓದಿದೆ. ಹದಿನಾಲ್ಕು, ಸಂಘಮಿತ್ರ, ಸರಿ.

ಅದರ ಕೆಳಗೆ ನೋಡಿದೆ. ಮಾದೇಶ, ತಪ್ಪು.

ಮಾದೇಶ ಮಂಗನಬಾವು ಬಂದು ಗುರುವಾರದಿಂದ ಮನೆಯಲ್ಲಿ ಮಲಗಿದ್ದಾನೆ. ತಲೆ ಎತ್ತಿ ನೋಡಿದರೆ ನಿನ್ನ ಎರಡು ಕೈಯೂ ಮೇಲಿದ್ದವು. ಮಾದೇಶ ಇದ್ದಿದ್ದರೆ ಇದನ್ನು ತಪ್ಪೇ ಮಾಡುತ್ತಿದ್ದ, ಅದೂ ನಿಜ.

ಫೋನಿನಲ್ಲಿ ಅವನ ಉತ್ತರವನ್ನು ಅಳಿಸಿ ಗೈರುಹಾಜರಿ ಒತ್ತಿದ್ದೇನೆ. ಆ ವಿಷಯದಲ್ಲಿ ನನ್ನ ಮಾತು ಬದಲಾಗುವುದಿಲ್ಲ, ಸೋಮವಾರ ಎಲ್ಲರಿಗೂ ಮತ್ತೆ ಹೇಳುತ್ತೇನೆ. ಇವತ್ತು ಆ ಕೈ ಇಳಿಸು ಅಂತ ನಿನಗೆ ಹೇಳಬೇಕಿತ್ತು. ಹೇಳಲಿಲ್ಲ. ನೋಡುತ್ತಾ ನಿಂತುಬಿಟ್ಟೆ.

ಸಂಜೆ ಮಾದೇಶನ ಮನೆಯ ಹತ್ತಿರ ಹೋಗು. ಹೊಸ್ತಿಲ ಈಚೆಯೇ ಕೂತು, ಆ ಲೆಕ್ಕವನ್ನು ನಿನ್ನ ಸೀರೆ ಕಟ್ಟಿದ ಕೋಣೆಯಲ್ಲಿ ಹೇಗೆ ಕಲಿತೆಯೋ ಹಾಗೇ ಬಾಯಿ ಬಿಟ್ಟು ಹೇಳಿಕೊಡು. ಅವನ ಪಾಲು ತಂಗಳಾಗುವ ಮೊದಲು ಅವನಿಗೆ ಮುಟ್ಟಲಿ.

ನಿನ್ನ,
ರುದ್ರಸ್ವಾಮಿ ಮೇಷ್ಟ್ರು